ವಿಂಡೋಸ್‌ನಲ್ಲಿ ಸಿ ಮ್ಯಾಕ್ರೋ ಎರರ್: ವಿಷುಯಲ್ ಸ್ಟುಡಿಯೋನಾ, ಎಂಎಸ್‌ವೈಎಸ್2 ಜಿಸಿಸಿನಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಂಎಸ್‌ವೈಎಸ್2 ಜಿಸಿಸಿಗೆ. ಜಿಸಿಸಿ ಅಂದರೆ ಲಿನಕ್ಸ್‌ನಲ್ಲಿ ಹೆಚ್ಚು ಬಳಸುವ ಸಿ ಕಂಪೈಲರ್, ಎಂಎಸ್‌ವೈಎಸ್2 ಅಂದರೆ ಅದನ್ನೂ ಲಿನಕ್ಸ್ ತರಹದ ಟರ್ಮಿನಲ್ಲನ್ನೂ ವಿಂಡೋಸ್‌ಗೆ ತರುವ ಕಟ್ಟು. ವಿಷುಯಲ್ ಸ್ಟುಡಿಯೋ ಮೈಕ್ರೋಸಾಫ್ಟ್‌ನದು. ಮ್ಯಾಕ್ರೋ ಅಂದರೆ ಕಂಪೈಲ್ ಆಗುವ ಮುಂಚೆ ಒಂದು ಹೆಸರಿನ ಜಾಗದಲ್ಲಿ ಬೇರೆ ಬರಹ ಹಾಕುವ ಏರ್ಪಾಡು, ಆ ಕೆಲಸ ಮಾಡೋದು ಪ್ರಿಪ್ರೊಸೆಸರ್.

ಕಲಬುರಗಿ ಗಂಜ್ ಕಡೆ ಒಂದು ದಾಲ್ ಮಿಲ್‌ಗೆ ತೊಗರಿ ಚೀಲದ ತೂಕ ಬರೆದಿಡುವ ಸಣ್ಣ ಸಿ ಪ್ರೋಗ್ರಾಂ ಮಾಡಿಕೊಟ್ಟೆ. ಮನೆಯಲ್ಲಿ ನನ್ನದು ಉಬುಂಟು, ಮಿಲ್‌ನಲ್ಲಿ ವಿಂಡೋಸ್ 10. ಕಾಟಾದ ತೂಕ ಸೀರಿಯಲ್ ಪೋರ್ಟ್‌ನಿಂದ ಓದಬೇಕು, ಅದಕ್ಕೆ ಅಲ್ಲಿ ವಿಂಡೋಸ್.ಎಚ್ ಹೆಡರ್ (ವಿಂಡೋಸ್‌ನ ಫಂಕ್ಷನ್, ಮ್ಯಾಕ್ರೋಗಳ ವಿವರ ಇರುವ ಫೈಲ್) ಸೇರಿಸಿದೆ. ಉಬುಂಟುನಲ್ಲಿ ಒಂದು ವಾರ್ನಿಂಗ್ ಇಲ್ಲದೆ ಬಿಲ್ಡ್ ಆಗುತ್ತಿದ್ದ ಕೋಡ್‌ಗೆ ಇಲ್ಲಿ ಪರದೆ ತುಂಬ ಎರರ್. ತೊಗರಿ ಸೀಸನ್ ಬೇರೆ. ಸಾವ್ಕಾರ್ರು ದಿನಕ್ಕೆ ಎರಡು ಸಲ ಫೋನ್ ಮಾಡಿ "ತಮ್ಮಾ, ಇವತ್ತರೆ ಆಗ್ತದೇನಪಾ?" ಅಂತ ಕೇಳುತ್ತಿದ್ದರು.

ಮಿಲ್‌ನಲ್ಲಿ ಎರಡು ಕಾಟಾ. ಗೇಟ್ ಹತ್ತಿರದ್ದಕ್ಕೆ ನಿಯರ್, ಗೋದಾಮಿನ ಹಿಂದಿನದಕ್ಕೆ ದೂರ ಅನ್ನೋ ಅರ್ಥದ ಫಾರ್ ಅಂತ ಸ್ಟ್ರಕ್ಟ್‌ನಲ್ಲಿ (ಹಲವು ಬೆಲೆಗಳನ್ನು ಒಟ್ಟಿಗೆ ಇಡುವ ಕಟ್ಟು) ಹೆಸರಿಟ್ಟಿದ್ದೆ. ವಿಷುಯಲ್ ಸ್ಟುಡಿಯೋ ಸಿ2059 ಅಂತ ಸಿಂಟ್ಯಾಕ್ಸ್ ಎರರ್ ಕೊಟ್ಟು ಸಮ ಚಿಹ್ನೆ ಕಡೆ ಬೆರಳು ತೋರಿಸಿತು. ಆ ಸಾಲನ್ನು ಎಷ್ಟು ಸಲ ನೋಡಿದರೂ ತಪ್ಪೇನೂ ಕಾಣಲಿಲ್ಲ. ಜಿಸಿಸಿ ಸ್ವಲ್ಪ ಸುಳಿವು ಕೊಟ್ಟಿತು: ಸ್ಟ್ರಕ್ಟ್‌ನ ಸಾಲಿಗೆ 'ಈ ಡಿಕ್ಲರೇಷನ್ ಏನನ್ನೂ ಡಿಕ್ಲೇರ್ ಮಾಡುತ್ತಿಲ್ಲ' ಅನ್ನೋ ಅರ್ಥದ ವಾರ್ನಿಂಗ್. ನಾನು ಹೆಸರು ಬರೆದಿದ್ದೇನೆ, ಅದು ಇಲ್ಲ ಅನ್ನುತ್ತಿದೆ. ಹಾಗಾದರೆ ಹೆಸರು ಎಲ್ಲಿ ಹೋಯಿತು?

ಜಿಸಿಸಿಗೆ ಮೈನಸ್ ದೊಡ್ಡ ಇ ಕೊಟ್ಟರೆ ಪ್ರಿಪ್ರೊಸೆಸರ್ ಮುಗಿಸಿದ ಕೋಡ್ ಮಾತ್ರ ಸಿಗುತ್ತದೆ. ಅದನ್ನು ಫೈಲ್‌ಗೆ ಹಾಕಿ ಕೊನೆಗೆ ಹೋಗಿ ನೋಡಿದೆ. ಸ್ಟ್ರಕ್ಟ್‌ನ ಸಾಲಲ್ಲಿ ಡಬಲ್ (ದಶಮಾಂಶ ಸಂಖ್ಯೆಯ ಟೈಪ್) ಅಂತ ಇದೆ, ಆಮೇಲೆ ನೇರ ಸೆಮಿಕೋಲನ್. ನಡುವಿನ ಹೆಸರು ಮಾಯ. 16 ಬಿಟ್ ಕಾಲದಲ್ಲಿ ನಿಯರ್, ಫಾರ್ ಅನ್ನೋವು ಪಾಯಿಂಟರ್ ಜತೆ ಬರೆಯುವ ಪದಗಳಾಗಿದ್ದವು. ಹಳೇ ಕೋಡ್ ಕೆಡಬಾರದು ಅಂತ ವಿಂಡೋಸ್ ಹೆಡರ್‌ಗಳು ಅವನ್ನು ಇಂದಿಗೂ ಖಾಲಿ ಮ್ಯಾಕ್ರೋ ಆಗಿ ಉಳಿಸಿಕೊಂಡಿವೆ. ಖಾಲಿ ಮ್ಯಾಕ್ರೋ ವಿಸ್ತರಿಸಿದರೆ ಒಂದು ಟೋಕನ್ನೂ ಉಳಿಯೋದಿಲ್ಲ, ಹಾಗಾಗಿ ಎರರ್ ಮೆಸೇಜ್‌ನಲ್ಲಿ ಆ ಮ್ಯಾಕ್ರೋದ ಹೆಸರೇ ಬರೋದಿಲ್ಲ.

ಹೆಸರು ಬದಲಿಸುವ ಮುಂಚೆ ವಿಷುಯಲ್ ಸ್ಟುಡಿಯೋದಲ್ಲಿ ಒಂದು ಅಡ್ಡದಾರಿ ಹಿಡಿದೆ, ಅದನ್ನು ನೀವು ಹಿಡಿಯಬೇಡಿ. ವಿಂಡೋಸ್.ಎಚ್ ಸೇರಿಸಿದ ಕೂಡಲೇ ನಿಯರ್, ಫಾರ್ ಎರಡೂ ಮ್ಯಾಕ್ರೋಗಳನ್ನು ಅನ್‌ಡೆಫ್ ಮಾಡಿದೆ, ಅಂದರೆ ಅಳಿಸಿದೆ. ನನ್ನ ಸ್ಟ್ರಕ್ಟ್ ಸರಿಹೋಯಿತು, ಆದರೆ ಅದರ ಕೆಳಗೆ ಸೇರಿಸಿದ್ದ ಇನ್ನೊಂದು ವಿಂಡೋಸ್ ಹೆಡರ್ ಒಡೆಯಿತು, ಯಾಕೆಂದರೆ ಅದು ಬಳಸುವ ದೊಡ್ಡಕ್ಷರದ ಫಾರ್ ಮ್ಯಾಕ್ರೋ ವಿಸ್ತರಿಸಿದಾಗ ಸಣ್ಣಕ್ಷರದ ಫಾರ್ ಬರುತ್ತದೆ, ಅದನ್ನೇ ನಾನು ಅಳಿಸಿಬಿಟ್ಟಿದ್ದೆ. ಹೆಸರು ಬದಲಿಸೋದೇ ಸರಿ. ಈಗ ಗೇಟ್_ಕಾಟಾ, ಗೋದಾಮು_ಕಾಟಾ.

ಪ್ರಿಪ್ರೊಸೆಸ್ ಆದ ಫೈಲ್ ವಿಷುಯಲ್ ಸ್ಟುಡಿಯೋದಲ್ಲೂ ಸಿಗುತ್ತದೆ, ಸ್ಲ್ಯಾಶ್ ಪಿ ಕೊಡಬೇಕು. ಆದರೆ ನನ್ನ ಕೈಗೆ ರೂಢಿಯಾಗಿರೋದು ಟರ್ಮಿನಲ್, ಬಿಲ್ಡ್ ಮಾಡುವ ಮೇಕ್, ಫೈಲ್‌ನಲ್ಲಿ ಹುಡುಕುವ ಗ್ರೆಪ್, ಅಷ್ಟೇ.

ಇನ್ನೊಂದು ತೊಡಕು. ಲಾಗ್ ಬರೆಯುವ ಮ್ಯಾಕ್ರೋದಲ್ಲಿ ಮೂರು ಚುಕ್ಕಿಯ (ಎಷ್ಟು ಬೇಕಾದರೂ ಕೊಡಬಹುದಾದ) ಆರ್ಗ್ಯುಮೆಂಟ್‌ಗಳನ್ನು ಒಳಗಿನ ಮತ್ತೊಂದು ಮ್ಯಾಕ್ರೋಗೆ ದಾಟಿಸಿದ್ದೆ. ವಿಷುಯಲ್ ಸ್ಟುಡಿಯೋದ ಹಳೇ ಪ್ರಿಪ್ರೊಸೆಸರ್ ಅವೆಲ್ಲವನ್ನೂ ಒಂದೇ ಆರ್ಗ್ಯುಮೆಂಟ್ ಅಂತ ಹಿಡಿಯುತ್ತದೆ. 2019ರ ಆವೃತ್ತಿಯ 16.5ರಿಂದ ಝಡ್‌ಸಿ ಪ್ರಿಪ್ರೊಸೆಸರ್ ಅನ್ನೋ ಆಯ್ಕೆ ಇದೆ, ಹಾಕಿದರೆ ಸರಿಯಾಗುತ್ತದೆ.

ಎಂಎಸ್‌ವೈಎಸ್2ನಲ್ಲೂ ಒಂದು ಕಡೆ ಎಚ್ಚರ ಬೇಕು. ಅದರಲ್ಲಿ ಹಲವು ಟರ್ಮಿನಲ್‌ಗಳಿವೆ. ಬರೀ ಎಂಎಸ್‌ವೈಎಸ್ ಅನ್ನೋದನ್ನು ತೆಗೆದು ಅದರ ಜಿಸಿಸಿ ಬಳಸಿದರೆ ಇದು ವಿಂಡೋಸ್ ಅಂತ ಹೇಳುವ _ವಿನ್32 ಮ್ಯಾಕ್ರೋ ಇರೋದೇ ಇಲ್ಲ, ಆ ಮ್ಯಾಕ್ರೋ ಇದೆಯಾ ಅಂತ ನೋಡುವ ನಿಮ್ಮ ಇಫ್‌ಡೆಫ್ ಸುಮ್ನೆ ಲಿನಕ್ಸ್ ಕಡೆಯ ಕೋಡ್‌ಗೆ ಹೋಗಿಬಿಡುತ್ತದೆ. ಯುಸಿಆರ್‌ಟಿ64 ಅನ್ನೋ ಟರ್ಮಿನಲ್ ತೆಗೆದು ಅದರ ಜಿಸಿಸಿ ಹಾಕಿಕೊಳ್ಳಿ.

ಕ್ಲ್ಯಾಂಗ್ ಅನ್ನೋ ಇನ್ನೊಂದು ಕಂಪೈಲರ್ ಕೂಡ ನೋಡಿದೆ, ಮ್ಯಾಕ್ರೋ ಎಲ್ಲಿಂದ ವಿಸ್ತರಿಸಿತು ಅಂತ ಚೆನ್ನಾಗಿ ತೋರಿಸುತ್ತದೆ.

ದುಡ್ಡಿನ ಲೆಕ್ಕದಲ್ಲಿ ನನಗೆ ಎಲ್ಲವೂ ಪುಕ್ಕಟೆ. ಆದರೆ ನನ್ನದು ಮೊಬೈಲ್ ಹಾಟ್‌ಸ್ಪಾಟ್, 8 ಜಿಬಿ ರ್‍ಯಾಮ್‌ನ ಹಳೇ ಲ್ಯಾಪ್‌ಟಾಪ್, ವಿಷುಯಲ್ ಸ್ಟುಡಿಯೋ ಇಳಿಸೋಕೆ ಎರಡು ದಿನದ ಡೇಟಾ ಹೋಯಿತು. ಡಿಬಗರ್ (ತಪ್ಪು ಹುಡುಕುವ ಸಾಧನ) ಕಿಟಕಿಯಲ್ಲೇ ಕೆಲಸ ಮಾಡುವವರಿಗೆ ಅದು ಒಗ್ಗುತ್ತದೆ. ನನಗೆ ಉಬುಂಟುನ ಅದೇ ಮೇಕ್‌ಫೈಲ್ (ಮೇಕ್‌ಗೆ ಬಿಲ್ಡ್ ಹಂತ ಹೇಳುವ ಫೈಲ್) ಇಲ್ಲೂ ನಡೆಯಬೇಕಿತ್ತು, ಜಿಸಿಸಿಯಲ್ಲಿ ನಡೆಯಿತು. ಮರುದಿನ ಬೆಳಗ್ಗೆ ಮೊದಲ ಲಾರಿ ಬರುವಷ್ಟರಲ್ಲಿ ಎರಡೂ ಕಾಟಾದ ತೂಕ ಪರದೆ ಮೇಲೆ ಬರುತ್ತಿತ್ತು.