ಕೆನಾನ್ 50 ಎಂಎಂ ಎಫ್/1.8 ಎಸ್‌ಟಿಎಂ ಲೆನ್ಸ್: ದಿನಕ್ಕೊಂದು ಫೋಟೋ, ಹದಿಮೂರು ತಿಂಗಳು

ಈ ಲೆನ್ಸ್ ತಗೊಂಡಿದ್ದು ನವೆಂಬರ್‌ನಲ್ಲಿ, ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಅಡಿಕೆ ಸುಲಿತ ಶುರುವಾದ ವಾರ. ಈಗ ಎರಡನೇ ಸಲದ ಸುಲಿತ ನಡೀತಿದೆ. ನಡುವಿನ ಹದಿಮೂರು ತಿಂಗಳು, ದಿನಕ್ಕೊಂದಾದರೂ ಫೋಟೋ ಇದರಲ್ಲೇ ತೆಗೆದಿದ್ದೇನೆ. ಜ್ವರ ಬಂದು ಮಲಗಿದ್ದು, ಕರೆಂಟಿಲ್ಲದೆ ಬ್ಯಾಟರಿ ಚಾರ್ಜ್ ಆಗದಿದ್ದು, ಸುಮ್ನೆ ಮರೆತಿದ್ದು ಎಲ್ಲ ಸೇರಿ 23 ದಿನ ತಪ್ಪಿದೆ.

ಕ್ಯಾಮೆರಾ ಕೆನಾನ್ 1500ಡಿ. ಜೊತೆಗೆ ಬಂದ 18-55 ಕಿಟ್ ಲೆನ್ಸ್ ಹಾಕಿಕೊಂಡು ಎರಡು ವರ್ಷ ಫೋಟೋ ತೆಗೆದಿದ್ದೆ. ಮದುವೆ, ಜಾತ್ರೆ, ಜೋಗಕ್ಕೆ ಹೋದಾಗ ಹೊರಗೆ ಬರೋದು, ಆಮೇಲೆ ಮತ್ತೆ ಕಪಾಟಿಗೆ. ಎಲ್ಲಾ ಆಟೋ ಮೋಡ್. ಎರಡು ವರ್ಷ ಆದರೂ ಒಂದು ಅಕ್ಷರ ಕಲಿತಿರಲಿಲ್ಲ. ಆಗ ಜೇಮಿ ಲಿವಿಂಗ್‌ಸ್ಟನ್ ಎಂಬ ಅಮೆರಿಕದ ಫೋಟೋಗ್ರಾಫರ್ ಬಗ್ಗೆ ಓದಿದೆ. ಆತ 1979ರ ಮಾರ್ಚ್ 31ರಿಂದ 1997ರ ಅಕ್ಟೋಬರ್‌ನಲ್ಲಿ ತೀರಿಹೋಗುವ ದಿನದವರೆಗೂ ದಿನಕ್ಕೊಂದು ಪೋಲರಾಯ್ಡ್ ಫೋಟೋ ಉಳಿಸಿದ್ದಾನೆ. ಹದಿನೆಂಟು ವರ್ಷ! ಆ ಚಿತ್ರಗಳಲ್ಲಿ ಎಷ್ಟೋ ತೀರಾ ಸಾಮಾನ್ಯ: ಊಟ, ಗೆಳೆಯರು, ಕೋಣೆ. ಅವು ನನ್ನ ಮನಸ್ಸಿನಿಂದ ಹೋಗಲೇ ಇಲ್ಲ. ಒಂದು ವರ್ಷವಾದರೂ ಮಾಡೋಣ ಅನ್ನಿಸಿತು.

ಲೆನ್ಸ್ ತುಂಬಾ ಪುಟ್ಟದು. ತೂಕ ಸುಮಾರು 160 ಗ್ರಾಂ. ಕ್ಯಾಮೆರಾ ಹೆಗಲಲ್ಲಿದ್ದರೆ ತೋಟಕ್ಕೆ ಹೋಗುವಾಗ ಭಾರ ಅನ್ನಿಸಲ್ಲ. ದಿನಾ ತೆಗೆಯುವವರಿಗೆ ಇದು ಸಣ್ಣ ವಿಷಯ ಅಲ್ಲ. ಭಾರದ ಸಾಮಾನು ಮೂರನೇ ವಾರಕ್ಕೆ ಮನೆಯಲ್ಲೇ ಉಳಿಯುತ್ತದೆ.

ಸುಲಿತದ ಆ ಮೊದಲ ರಾತ್ರಿಯ ಬಗ್ಗೆ ಹೇಳಲೇಬೇಕು. ಜಗಲಿಯಲ್ಲಿ ಒಂದೇ ಎಲ್‌ಇಡಿ ಬಲ್ಬು. ಏಳೆಂಟು ಜನ ಮೆಟ್ಟುಗತ್ತಿ ಇಟ್ಟುಕೊಂಡು ಕೂತಿದ್ದಾರೆ. ಕಿಟ್ ಲೆನ್ಸನ್ನು 50ಕ್ಕೆ ಜೂಮ್ ಮಾಡಿದರೆ ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಿಂಡಿ, ಎಫ್/5.6 ಸುತ್ತಮುತ್ತ ನಿಲ್ಲುತ್ತದೆ (ಈ ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು). ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಐಎಸ್‌ಒ ಅಂಕಿಯನ್ನು 6400ಕ್ಕೆ ಏರಿಸಿದರೂ ಫೋಟೋ ಕಪ್ಪು ಕಪ್ಪು. ಈ ಲೆನ್ಸ್ ಹಾಕಿ ಎಫ್/1.8 ಇಟ್ಟೆ. 5.6ಕ್ಕೆ ಹೋಲಿಸಿದರೆ ಹತ್ತಿರ ಹತ್ತಿರ 10 ಪಟ್ಟು ಬೆಳಕು ಒಳಗೆ ಬರುತ್ತದೆ. ಐಎಸ್‌ಒ 1600ರಲ್ಲೇ 1/100 ಸೆಕೆಂಡ್ ಶಟರ್ ಸ್ಪೀಡ್ ಸಿಕ್ಕಿತು, ಅಂದರೆ ಶಟರ್ ತೆರೆದಿರುವ ಹೊತ್ತು ಅಷ್ಟೇ. ದೊಡ್ಡಮ್ಮನ ಕಡೆ ತಿರುಗಿಸಿದೆ. "ಮುಖ ತೆಗೀಬೇಡ ಮಾರಾಯ, ಕೈ ಬೇಕಾದ್ರೆ ತಗೋ" ಅಂದರು.

ಸರಿ, ಕೈಯನ್ನೇ ತೆಗೆಯೋಣ ಎಂದು ಕೂತೆ. ಅವತ್ತು ಕಲಿತಷ್ಟು ಹಿಂದಿನ ಎರಡು ವರ್ಷದಲ್ಲಿ ಕಲಿತಿರಲಿಲ್ಲ. ಮೆಟ್ಟುಗತ್ತಿಯಲ್ಲಿ ಕತ್ತಿ ಅಲುಗಾಡಲ್ಲ, ಅದನ್ನು ಕಾಲಲ್ಲಿ ಮೆಟ್ಟಿ ಹಿಡಿದಿರುತ್ತಾರೆ. ಓಡಾಡುವುದು ಕೈ, ಕೈಯೊಳಗಿನ ಅಡಿಕೆ. 1/400 ಇಟ್ಟರೆ ಕೈ ಕಲ್ಲಿನ ಹಾಗೆ ನಿಂತುಬಿಡುತ್ತದೆ, ಸುಲಿಯುವ ಚುರುಕು ಕಾಣಲ್ಲ. ಅದೂ ಅಲ್ಲದೆ ಎಲ್‌ಇಡಿ ಬಲ್ಬಿನ ಬೆಳಕಲ್ಲಿ ಅಡ್ಡಡ್ಡ ಪಟ್ಟಿ ಬಂತು. ನಮ್ಮ ಕರೆಂಟು 50 ಹರ್ಟ್ಸ್. ಕೆಲವು ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. 1/100ಕ್ಕೆ ಇಳಿಸಿದಾಗ ಪಟ್ಟಿ ಹೋಯಿತು. ಕತ್ತಿಯ ಅಲಗು ಗೆರೆ ಎಳೆದಷ್ಟು ಸ್ಪಷ್ಟ, ಬೆರಳು ಸ್ವಲ್ಪ ಕದಲಿದ ಹಾಗೆ. ಆ ಫೋಟೋ ನೋಡಿದರೆ ಈಗಲೂ ಸಿಪ್ಪೆ ಬಿಚ್ಚುವ ಸದ್ದು ಕೇಳಿದ ಹಾಗಾಗುತ್ತದೆ. ಶಟರ್ ಸ್ಪೀಡ್ ಅಂದರೆ ಏನು ಅಂತ ಯಾವ ವಿಡಿಯೋ ನೋಡಿದರೂ ಇಷ್ಟು ಅರ್ಥ ಆಗಿರಲಿಲ್ಲ.

ಈ ಲೆನ್ಸ್‌ನಲ್ಲಿ ಕೈ ನಡುಕ ತಡೆಯುವ ವ್ಯವಸ್ಥೆ ಇಲ್ಲ, ನೆನಪಿರಲಿ. 1500ಡಿಯಂಥ ಕ್ಯಾಮೆರಾಗಳ ಸೆನ್ಸರ್ ಚಿಕ್ಕದು, ಹಾಗಾಗಿ 50 ಎಂಎಂ ಅನ್ನೋದು 80ರ ಹಾಗೆ, ಅಂದರೆ ಇನ್ನಷ್ಟು ಜೂಮ್ ಮಾಡಿದ ಹಾಗೆ, ಕಾಣುತ್ತದೆ. ಶಟರ್ ಸ್ಪೀಡ್ 1/80ಕ್ಕಿಂತ ಕೆಳಗೆ ಹೋಗುವಾಗ ಗೋಡೆಗೋ ಕಂಬಕ್ಕೋ ಒರಗಿಕೊಳ್ಳಿ.

ಮೊದಲ ಎರಡು ತಿಂಗಳು ಎಲ್ಲದಕ್ಕೂ ಎಫ್/1.8. ಹಿಂದೆ ಎಲ್ಲ ಮಸುಕಾಗಿ ಚೆಂದ ಕಾಣುತ್ತಲ್ಲ, ಆ ಹುಚ್ಚು. ಪ್ರತಿ ತಿಂಗಳ ಮೊದಲ ಭಾನುವಾರ ಹಿಂದಿನ ತಿಂಗಳ ಎಲ್ಲಾ ಫೋಟೋ ಒಟ್ಟಿಗೆ ನೋಡುವ ರೂಢಿ ಇಟ್ಟುಕೊಂಡಿದ್ದೆ. ಜನವರಿಯಲ್ಲಿ ನೋಡುವಾಗ ಬೇಜಾರಾಯಿತು. ದಾಸವಾಳ, ನಾಯಿಮರಿ, ಕಾಫಿ ಲೋಟ, ಎಲ್ಲದರ ಹಿಂದೆಯೂ ಅದೇ ಮಸುಕು. ಇದು ನಮ್ಮ ಮನೆಯಾ, ಬೇರೆ ಯಾರದೋ ಮನೆಯಾ, ಗೊತ್ತಾಗುವ ಹಾಗಿಲ್ಲ. ಮೇಲಾಗಿ ಅರ್ಧಕ್ಕರ್ಧ ಫೋಟೋದಲ್ಲಿ ಫೋಕಸ್ ತಪ್ಪಿತ್ತು. ಒಂದು ಮೀಟರ್ ದೂರದಲ್ಲಿ ಎಫ್/1.8 ಇಟ್ಟರೆ ಸ್ಪಷ್ಟವಾಗಿ ಕಾಣುವ ಆಳ 3 ಸೆಂಟಿಮೀಟರ್ ಕೂಡ ಇರಲ್ಲ. ಮೂಗಿನ ಮೇಲೆ ಫೋಕಸ್ ಆದರೆ ಕಣ್ಣು ಹೋಯಿತು. ನಾನು ಉಸಿರು ಬಿಟ್ಟು ಸ್ವಲ್ಪ ಮುಂದೆ ವಾಲಿದರೂ ಸಾಕು, ಅಷ್ಟೇ. ನಡುವಿನ ಫೋಕಸ್ ಪಾಯಿಂಟ್ ಒಂದನ್ನೇ ಆರಿಸಿಕೊಂಡೆ. 1500ಡಿಯ ಒಂಬತ್ತು ಪಾಯಿಂಟ್‌ಗಳಲ್ಲಿ ಅದೊಂದೇ ಕ್ರಾಸ್ ಟೈಪ್ (ಅಡ್ಡ, ಉದ್ದ ಎರಡೂ ಗೆರೆ ಹಿಡಿಯುವಂಥದ್ದು), ಮಂದ ಬೆಳಕಲ್ಲಿ ಅದೇ ನಂಬಿಕೆಯದು. ಹಗಲಲ್ಲಿ ಎಫ್/4ಕ್ಕೆ ಬಂದೆ. ಫೆಬ್ರವರಿಯಿಂದ ನನ್ನ ಫೋಟೋಗಳಲ್ಲಿ ಹಿಂದಿನ ಗೋಡೆ, ಬಾಗಿಲು, ಒಣಗಿಸಿದ ಅಡಿಕೆ ತಟ್ಟೆ ಎಲ್ಲಾ ವಾಪಸ್ ಬಂದವು.

ಜೂಮ್ ಇಲ್ಲದಿರುವುದು ಕಷ್ಟ ಆಗಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಮನೆಯೊಳಗೆ ಆಗುತ್ತದೆ. ನಮ್ಮ ಅಡುಗೆಮನೆಯಲ್ಲಿ ಬೆನ್ನು ಗೋಡೆಗೆ ಹತ್ತಿದರೂ ಅಮ್ಮ ಮತ್ತು ಒಲೆ ಎರಡೂ ಫ್ರೇಮಿಗೆ ಬರಲ್ಲ. ಅಮ್ಮನ ಮುಖ ಬೇಕಾ, ಒಲೆ ಬೇಕಾ, ಒಂದನ್ನು ಬಿಡಬೇಕು. ಹತ್ತಿರ ಹೋದರೆ 35 ಸೆಂಟಿಮೀಟರ್‌ಗೆ ಫೋಕಸ್ ನಿಲ್ಲುತ್ತದೆ, ಇರುವೆ, ಇಬ್ಬನಿ ಹನಿ ಅಂತ ಹೋಗುವವರಿಗೆ ಸಾಲದು. ಆದರೆ ಬಿಡುವುದನ್ನು ಕಲಿಸಿದ್ದೂ ಇದೇ. ಜೂಮ್ ಇದ್ದಾಗ ನಿಂತಲ್ಲೇ ನಿಂತು ರಿಂಗ್ ತಿರುಗಿಸುತ್ತಿದ್ದೆ. ಈಗ ಕ್ಯಾಮೆರಾ ಕಣ್ಣಿಗೆ ಹಿಡಿಯುವ ಮೊದಲೇ ಕಾಲು ಸರಿಯಾದ ಜಾಗಕ್ಕೆ ಹೋಗಿರುತ್ತದೆ. ಎಷ್ಟು ಜಾಗ ಬರುತ್ತದೆ ಅಂತ ಕಣ್ಣಿಗೆ ಅಳತೆ ಕೂತಿದೆ.

ಇನ್ನೊಂದು ಇದೆ. ನಮ್ಮ ನಡುಮನೆಯ ಮಾಡಿನಲ್ಲಿ ಒಂದು ಗಾಜಿನ ಹಂಚಿದೆ. ಬಿಸಿಲಿದ್ದಾಗ ಅದರಿಂದ ಅಂಗೈ ಅಗಲದ ಬಿಸಿಲು ನೆಲದ ಮೇಲೆ ಬೀಳುತ್ತದೆ. ಹುಟ್ಟಿದಾಗಿಂದ ನೋಡಿದ್ದೇನೆ, ಆದರೆ ನೋಡಿಯೇ ಇರಲಿಲ್ಲ. ಏನೂ ಸಿಗದ ದಿನ ಅದನ್ನೇ ತೆಗೆಯುತ್ತಿದ್ದೆ, ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ. ಡಿಸೆಂಬರ್‌ನಲ್ಲಿ ಅದು ಉತ್ತರದ ಗೋಡೆ ಹತ್ತಿರದ ಮರದ ಪೆಟ್ಟಿಗೆಯ ಬುಡದಲ್ಲಿತ್ತು. ಏಪ್ರಿಲ್ ಕೊನೆಗೆ ಹಂಚಿನ ನೇರ ಕೆಳಗೆ ಬಂತು. ಮೇ ಕೊನೆಗೆ ಇನ್ನೂ ಎರಡು ಗೇಣು ದಕ್ಷಿಣಕ್ಕೆ ಸರಿಯಿತು. ಆಮೇಲೆ ಮಳೆ ಹಿಡಿದು ಕಾಣೆ. ಸೂರ್ಯ ಉತ್ತರಕ್ಕೆ ಹೋಗಿ ವಾಪಸ್ ಬರೋದನ್ನ ಶಾಲೆಯಲ್ಲಿ ಓದಿದ್ದೆವಲ್ಲ, ಅದು ನಮ್ಮ ಮನೆ ನೆಲದ ಮೇಲೇ ನಡೆಯುತ್ತಿತ್ತು. ಅಜ್ಜಿ ಆ ಬಿಸಿಲಿಗೆ ಹಪ್ಪಳದ ತಟ್ಟೆ ಸರಿಸಿ ಸರಿಸಿ ಇಡುವುದು ಯಾಕೆ ಅಂತಲೂ ಅವಾಗಲೇ ಗೊತ್ತಾಯಿತು. ಆ ತಟ್ಟೆ, ಅಜ್ಜಿಯ ಕೈ, ಕೆಳಗಿಂದ ಅವರ ಮುಖಕ್ಕೆ ಚಿಮ್ಮಿದ ಬೆಳಕು. ಹದಿಮೂರು ತಿಂಗಳಲ್ಲಿ ನನಗೆ ತುಂಬಾ ಇಷ್ಟವಾದ ಫೋಟೋ ಅದೇ. ಮಾರ್ಚ್ ತಿಂಗಳದ್ದು, ಎಫ್/2.8.

ಮಳೆಗಾಲದ ಮಾತು. ಈ ಲೆನ್ಸ್‌ಗೆ ನೀರು ತಡೆಯುವ ಸೀಲಿಂಗ್ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಹೊರಗೆ ತೆಗೆದದ್ದು ಕಡಿಮೆ, ಜಗಲಿಯಿಂದಲೇ ಹೆಚ್ಚು. ಮಲೆನಾಡಿನಲ್ಲಿ ನಿಜವಾದ ಶತ್ರು ಫಂಗಸ್. ಹಿಂದಿನ ಮಳೆಗಾಲದಲ್ಲಿ ಕಿಟ್ ಲೆನ್ಸನ್ನು ಬ್ಯಾಗಿನಲ್ಲೇ ಇಟ್ಟು ಕಪಾಟಿನಲ್ಲಿ ಮರೆತಿದ್ದೆ, ತೆಗೆದು ನೋಡಿದರೆ ಒಳಗಿನ ಗಾಜಿಗೆ ಬೂಸಲು. ತಪ್ಪು ನನ್ನದೇ, ಹೊಟ್ಟೆ ಉರಿದು ಹೋಯಿತು. ಹಾಗಾಗಿ ಈ ಲೆನ್ಸನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಹಾಕುತ್ತೇನೆ. ದಿನಾ ಹೊರಗೆ ತೆಗೆಯುವುದರಿಂದಲೂ ಒಳ್ಳೆಯದೇ ಆಗಿದೆ. ಗಾಜು ಇವತ್ತಿಗೂ ಶುಭ್ರ.

ಫೋಕಸ್ ಮಾಡುವಾಗ ಲೆನ್ಸಿನ ಮುಂಭಾಗ ಸ್ವಲ್ಪ ಹೊರಗೆ ಬರುತ್ತದೆ. ಅಲ್ಲಿಗೆ ಪೆಟ್ಟು ಬಿದ್ದರೆ ಮೋಟರಿಗೆ ತೊಂದರೆ. ಲೆನ್ಸಿನ ಮುಂದೆ ಹಾಕುವ ಬಳೆಯಂಥ ಹುಡ್ ಪೆಟ್ಟಿಗೆಯಲ್ಲಿ ಬರಲ್ಲ, ಇಎಸ್-68 ಅಂತ ಬೇರೆ ಸಿಗುತ್ತದೆ, ತಗೊಂಡುಬಿಡಿ. ಮೋಟರ್ ಸಣ್ಣಗೆ ಗುಂಯ್ ಅನ್ನುತ್ತದೆ, ಫೋಟೋಕ್ಕೆ ಏನೂ ಅಲ್ಲ, ವಿಡಿಯೋದಲ್ಲಿ ಕೇಳಿಸಬಹುದು.

ಈಗ ಮತ್ತೆ ಸುಲಿತ. ಮೊನ್ನೆ ದೊಡ್ಡಮ್ಮನಿಗೆ ಹೋದ ವರ್ಷದ ಕೈಯ ಫೋಟೋ ಪ್ರಿಂಟ್ ಹಾಕಿಸಿ ಕೊಟ್ಟೆ. ಬಲ್ಬಿನ ಕೆಳಗೆ ಹಿಡಿದು ನೋಡಿದರು. "ಈ ಬಳೆ ಒಡೆದೇ ಹೋಯ್ತಲ್ಲ" ಅಂದರು. ನಾನು ಆ ಫೋಟೋವನ್ನು ನೂರು ಸಲ ನೋಡಿದ್ದೆ, ಬಳೆಯ ಕಡೆ ಗಮನವೇ ಹೋಗಿರಲಿಲ್ಲ.

ತಗೊಳ್ಳಬೇಕು ಅಂತಿರುವವರಿಗೆ: ಮನೆಯೊಳಗೆ, ಇಕ್ಕಟ್ಟಿನ ಜಾಗದಲ್ಲಿ ಜಾಸ್ತಿ ತೆಗೆಯುವವರಾದರೆ ಕೆನಾನ್‌ನದ್ದೇ 24 ಎಂಎಂ ಎಫ್/2.8 ನೋಡಿ, ಅದರಲ್ಲಿ ಜಾಗ ಹೆಚ್ಚು ಬರುತ್ತದೆ. ಮುಖ, ಕೈ, ರಾತ್ರಿ ಬೆಳಕು ಅಂದರೆ ಇದೇ ಇರಲಿ. ಕೆನಾನ್‌ನ ಆರ್ ಸರಣಿಯ ಮಿರರ್‌ಲೆಸ್ ಕ್ಯಾಮೆರಾ ಇದ್ದರೆ ಇದಕ್ಕೆ ಅಡಾಪ್ಟರ್ ಬೇಕು, ಅದರ ಬದಲು 2020ರಲ್ಲಿ ಬಂದ ಆರ್‌ಎಫ್ 50 ಎಂಎಂ ಎಫ್/1.8 ತಗೊಳ್ಳುವುದು ಸರಿ. ನಿಕಾನ್ ಡಿ3500 ಥರದ ಕ್ಯಾಮೆರಾದವರು ಒಳಗೇ ಫೋಕಸ್ ಮೋಟರ್ ಇರುವ ಎಎಫ್-ಎಸ್ 50 ಎಂಎಂ ಎಂದು ಕೇಳಿಯೇ ತಗೊಳ್ಳಿ, ಹಳೆಯ ಎಎಫ್-ಡಿ ಲೆನ್ಸ್ ಅದರಲ್ಲಿ ಆಟೋ ಫೋಕಸ್ ಆಗಲ್ಲ. ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ. ಆದರೆ ದುಡ್ಡು ಕೊಡುವ ಮುಂಚೆ ಲೆನ್ಸಿನ ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಒಳಗೆ ಜೇಡರ ಬಲೆಯ ಹಾಗೆ ಎಳೆ ಕಂಡರೆ, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.