ಚೆಕ್ ಎಂಜಿನ್ ಲೈಟ್ ಮಿನುಗುತ್ತಿದ್ದರೆ ದಯವಿಟ್ಟು ಗಾಡಿ ಓಡಿಸಬೇಡಿ

ನನ್ನ ಪೆಟ್ರೋಲ್ ಕಾರಿಗೆ ಆದದ್ದು ನಿಮ್ಮ ಗಾಡಿಗೆ ಆಗದಿರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಶುರುವಾಗಿದ್ದು ನಡುಕ. ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್ ಗಡಗಡ ಅನ್ನುತ್ತಿತ್ತು, ಏರು ಬಂದರೆ ಗಾಡಿ ಎಳೆಯುತ್ತಿರಲಿಲ್ಲ. ಗಾಡಿಯ ಕಂಪ್ಯೂಟರ್‌ನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದಾಗ ಬಂದ ಕೋಡ್ ಪಿ0302, ಅಂದರೆ ಎರಡನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್, ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತ. ಮೆಕ್ಯಾನಿಕ್ ಹೊಸ ಇಗ್ನಿಷನ್ ಕಾಯಿಲ್ (ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್‌ಗೆ ಕರೆಂಟ್ ಕೊಡುವ ಭಾಗ) ಹಾಕಿ ಕಳಿಸಿದರು. ಹಳೆಯದು ಯಾಕೆ ಹೋಯಿತು ಅಂತ ಅವರೂ ನೋಡಲಿಲ್ಲ, ನಾನೂ ಕೇಳಲಿಲ್ಲ.

ನಾಲ್ಕೇ ತಿಂಗಳಲ್ಲಿ ಮತ್ತೆ ಅದೇ ನಡುಕ. ಈ ಸಲ ಚೆಕ್ ಎಂಜಿನ್ ಲೈಟ್ ಮಿನುಗುತ್ತಿತ್ತು. ಆದರೂ ಮೂರು ದಿನ ಓಡಿಸಿದೆ. ಅಲ್ಲೇ ದೊಡ್ಡ ನಷ್ಟವಾಗಿದ್ದು. ಕಿಡಿ ಸಿಗದ ಸಿಲಿಂಡರ್‌ನಿಂದ ಪೆಟ್ರೋಲ್ ಉರಿಯದೆ ಹಾಗೇ ಸೈಲೆನ್ಸರ್ ಕಡೆ ಹೋಗುತ್ತದೆ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ. ಆ ಬಿಸಿಗೆ ನನ್ನ ಕನ್ವರ್ಟರ್ ಒಳಗಿನ ಜೇನುಗೂಡಿನಂಥ ಸೆರಾಮಿಕ್ ಕರಗಿ ಮುಚ್ಚಿಕೊಂಡಿತು. ಕಾಯಿಲ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಖರ್ಚು ಅದಕ್ಕೇ ಆಯಿತು.

ಇನ್ನೊಬ್ಬ ಮೆಕ್ಯಾನಿಕ್ ಕಾಯಿಲ್ ಎತ್ತಿ ನನ್ನ ಕೈಗೇ ಕೊಟ್ಟರು. ಅದರ ರಬ್ಬರ್ ಬೂಟ್, ಅಂದರೆ ಪ್ಲಗ್ಗಿನ ಮೇಲೆ ಕೂರುವ ರಬ್ಬರ್ ಕವಚ, ಆಯಿಲ್‌ನಲ್ಲಿ ನೆನೆದು ಊದಿತ್ತು, ಮುಟ್ಟಿದರೆ ಮೆತ್ತಗೆ. ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೆ ಪೆನ್ಸಿಲ್‌ನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ. ಕಾಯಿಲ್ ಬ್ಯಾಟರಿಯ 12 ವೋಲ್ಟನ್ನು ಸಾವಿರಾರು ವೋಲ್ಟ್‌ಗೆ ಏರಿಸುತ್ತದೆ ಅಲ್ವಾ, ಬೂಟ್ ಹಾಳಾದರೆ ಆ ಕರೆಂಟ್ ಪ್ಲಗ್ಗಿನ ತುದಿಗೆ ಹೋಗದೆ ಹೊರಗಿನಿಂದಲೇ ಲೋಹಕ್ಕೆ ಹಾರುತ್ತದೆ. ಆ ಗೆರೆ ಅದರದ್ದೇ ಗುರುತು. ಮೂಲ ಕಾರಣ ವಾಲ್ವ್ ಕವರ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಮೇಲಿನ ಮುಚ್ಚಳದಿಂದ ಆಯಿಲ್ ಹೊರಬರದಂತೆ ತಡೆಯುವ ಸೀಲ್, ಸೋರುತ್ತಿದ್ದದ್ದು. ಅದನ್ನು ಬಿಟ್ಟು ಎಷ್ಟು ಕಾಯಿಲ್ ಹಾಕಿದರೂ ದಂಡ.

ಹಾಗಾಗಿ ಕಾಯಿಲ್ ಬದಲಿಸುವಾಗ ಪ್ಲಗ್ ಕೂರುವ ಗುಂಡಿಗೆ ಟಾರ್ಚ್ ಬಿಟ್ಟು ನೋಡಿ, ಆಯಿಲ್ ಇದೆಯಾ ಅಂತ. ಪ್ಲಗ್ಗನ್ನೂ ಬಿಚ್ಚಿಸಿ. ಸವೆದು, ಕಿಡಿ ಹಾರುವ ಗ್ಯಾಪ್ ಜಾಸ್ತಿಯಾದ ಪ್ಲಗ್ ಕೂಡ ಕಾಯಿಲ್ ಮೇಲೆ ಭಾರ ಹಾಕುತ್ತದೆ.

ಪ್ರತಿ ಸಿಲಿಂಡರ್‌ಗೂ ಬೇರೆ ಬೇರೆ ಕಾಯಿಲ್ ಇರುವ ಗಾಡಿಯಾದರೆ ಹೊಸದು ಕೊಳ್ಳುವ ಮೊದಲು ಎರಡನೆಯದನ್ನು ಮೂರಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿ ನೋಡಿ. ಕೋಡ್ ಪಿ0303 ಆದರೆ ಕಾಯಿಲ್ಲೇ ಹೋಗಿದೆ. ಪಿ0302 ಆಗಿಯೇ ಉಳಿದರೆ ಪ್ಲಗ್, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್, ವೈರಿಂಗ್ ನೋಡಬೇಕು. ಇದನ್ನೆಲ್ಲ ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆಯೇ ಮಾಡಿ. ಓಡುತ್ತಿರುವ ಎಂಜಿನ್‌ನಿಂದ ಕಾಯಿಲ್ ಎಳೆಯಲು ಹೋಗಬೇಡಿ, ಶಾಕ್ ಜೋರಾಗಿ ಹೊಡೆಯುತ್ತದೆ.