ಏರ್ ಶಾಕ್‌ಗೆ ಯಾವ ಪಂಪ್? ಬಳಸಿ ನೋಡಿದ ಮೇಲೆ ಒಂದು ಹೋಲಿಕೆ

ಹಾರ್ಲೆ ಡೇವಿಡ್‌ಸನ್‌ನ ದೊಡ್ಡ ಟೂರಿಂಗ್ ಬೈಕುಗಳಲ್ಲಿ ಬಹುಪಾಲಿಗೆ 2016ರ ಮಾದರಿಯವರೆಗೂ ಹಿಂದಿನ ಶಾಕ್‌ಗಳು, ಅಂದರೆ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್‌ಗಳು, ಗಾಳಿ ತುಂಬುವಂಥವು. 2017ರಲ್ಲಿ ಕಂಪನಿ ಗಾಳಿಯನ್ನು ಬಿಟ್ಟು ಸ್ಪ್ರಿಂಗ್‌ನ ಬಿಗಿಯನ್ನು ಕೈಯಿಂದಲೇ ತಿರುಗಿಸಿ ಹೊಂದಿಸುವ ಗುಂಡಿಯನ್ನು ತಂದಿತು. ನಮ್ಮಲ್ಲಿ ಈಗ ಸೆಕೆಂಡ್ ಹ್ಯಾಂಡ್ ಆಗಿ ಸಿಗುವ ರೋಡ್ ಕಿಂಗ್, ಸ್ಟ್ರೀಟ್ ಗ್ಲೈಡ್‌ಗಳಲ್ಲಿ ಅನೇಕವು ಆ ಗಾಳಿಯ ಕಾಲದವು. ನನ್ನ ರೋಡ್ ಕಿಂಗ್ ಕೂಡ. ಕೊಳ್ಳುವವರು ಟೈರ್, ಬ್ರೇಕ್, ಆಯಿಲ್ ಎಲ್ಲವನ್ನೂ ವಿಚಾರಿಸುತ್ತಾರೆ, ಶಾಕ್‌ನಲ್ಲಿ ಗಾಳಿ ಎಷ್ಟಿದೆ ಎಂದು ಕೇಳುವವರು ಕಡಿಮೆ. ಆಮೇಲೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಪಕ್ಕದ ಪೆಟ್ಟಿಗೆಗಳನ್ನು ತುಂಬಿಕೊಂಡು ಶಿರಾಡಿ ಘಾಟಿ ಇಳಿಯುವಾಗ ಶಾಕ್ ತಳಕ್ಕೆ ಬಡಿದರೆ ಬೈಕನ್ನೇ ಬಯ್ಯುತ್ತಾರೆ. ಈ ಅನ್ಯಾಯ ಕಂಡು ಕಂಡು ಬೇಸರವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಳಗೆ ಏನಿದೆ ಎಂಬುದನ್ನು ಹೇಳಿಬಿಡುತ್ತೇನೆ. ಈ ಶಾಕ್‌ನೊಳಗೆ ಸ್ಪ್ರಿಂಗ್ ಇದ್ದೇ ಇದೆ. ಗಾಳಿ ಅದಕ್ಕೆ ನೆರವು. ಎರಡು ಶಾಕ್‌ಗಳನ್ನೂ ಸಣ್ಣ ಕೊಳವೆಯೊಂದು ಜೋಡಿಸುತ್ತದೆ, ಎಡಗಡೆಯ ಪೆಟ್ಟಿಗೆಯ ಹಿಂದೆ ಅಡಗಿರುವ ಒಂದೇ ವಾಲ್ವ್‌ನಿಂದ ಎರಡಕ್ಕೂ ಗಾಳಿ ಹೋಗುತ್ತದೆ. ವಾಲ್ವ್ ನೋಡಲು ಕಾರಿನ ಟೈರ್‌ನದರಂತೆಯೇ ಇದೆ. ಸಮಸ್ಯೆಯ ಮೂಲವೂ ಅದೇ, ಏಕೆಂದರೆ ಟೈರ್‌ಗೆ ಕೂರುವ ಪಂಪ್‌ಗಳೆಲ್ಲ ಇದಕ್ಕೂ ಕೂರುತ್ತವೆ. ಆದರೆ ಟೈರ್‌ಗೆ ಹೋಲಿಸಿದರೆ ಇಲ್ಲಿ ಗಾಳಿ ಹಿಡಿಯುವ ಜಾಗ ತೀರಾ ಕಡಿಮೆ. ಒಬ್ಬನೇ ಹೋಗುವಾಗ ನಾನು 5 ಪಿಎಸ್‌ಐ ಇಡುತ್ತೇನೆ, ಇಬ್ಬರು ಮತ್ತು ಸಾಮಾನು ಎಂದರೆ 25. ಇಷ್ಟು ಕಡಿಮೆ ಒತ್ತಡವನ್ನು ಇಷ್ಟು ಚಿಕ್ಕ ಜಾಗದಲ್ಲಿ ಸರಿಯಾಗಿ ನಿಲ್ಲಿಸಬೇಕಾದರೆ ಪಂಪ್‌ನ ಶಕ್ತಿಗಿಂತ ಅದರ ಗೇಜ್ ಮತ್ತು ಮೂತಿ ಮುಖ್ಯ. ಗರಿಷ್ಠ ಮಿತಿಯನ್ನು ನಿಮ್ಮ ಮಾದರಿಯ ಕೈಪಿಡಿಯಲ್ಲೇ ನೋಡಿಕೊಳ್ಳಿ.

ಪೆಟ್ರೋಲ್ ಬಂಕ್‌ನ ಕಂಪ್ರೆಸರ್ ಅನ್ನು ನಾನು ಈ ವಾಲ್ವ್‌ನ ಹತ್ತಿರಕ್ಕೂ ಬಿಡುವುದಿಲ್ಲ. ಒಂದು ಕ್ಷಣದ ಗಾಳಿಗೇ ಸೀಲ್ ಹೋಗಬಹುದು. ಕಾಲಿನಿಂದ ತುಳಿಯುವ ಪಂಪ್ ಅಷ್ಟು ಅಪಾಯಕಾರಿಯಲ್ಲ, ಆದರೆ ಒಂದೊಂದು ತುಳಿತಕ್ಕೂ ಗೇಜಿನ ಮುಳ್ಳು ಹಾರುತ್ತದೆ. ಕ್ಲಿಪ್ ತೆಗೆಯುವಾಗ ಬುಸ್ಸೆಂದು ಹೋಗುವ ಗಾಳಿ ಟೈರ್‌ಗೆ ಲೆಕ್ಕಕ್ಕಿಲ್ಲ. ಶಾಕ್‌ನಲ್ಲಾದರೆ ತುಂಬಿದ್ದರಲ್ಲಿ ಒಂದು ಪಾಲೇ ಹೋಯಿತು.

ಬ್ಯಾಟರಿಯಿಂದ ನಡೆಯುವ ಪುಟ್ಟ ಇನ್‌ಫ್ಲೇಟರ್‌ಗಳ ಮೇಲೆ ನನಗೆ ಹೆಚ್ಚು ಆಸೆಯಿತ್ತು. ಬೇಕಾದ ಅಂಕಿ ಒತ್ತಿದರೆ ತಾನೇ ನಿಲ್ಲುತ್ತದೆ, ಟೈರ್‌ಗೆ ಇಂದಿಗೂ ಅದನ್ನೇ ಬಳಸುತ್ತೇನೆ. ಶಾಕ್‌ಗೆ ಹಾಕಿದಾಗ ಮಾತ್ರ ಅದರ ಲೆಕ್ಕ ತಪ್ಪುತ್ತದೆ. 25ಕ್ಕೆ ನಿಲ್ಲು ಎಂದರೆ, ನಿಲ್ಲುವಷ್ಟರಲ್ಲಿ ಒತ್ತಡ ಗುರಿ ದಾಟಿರುತ್ತದೆ. ಹೆಚ್ಚಾದದ್ದನ್ನು ಸ್ವಲ್ಪ ಸ್ವಲ್ಪವಾಗಿ ಬಿಡೋಣವೆಂದರೆ ಅದಕ್ಕೊಂದು ಗುಂಡಿ ಇಲ್ಲ. ಹೋಸ್ ಬಿಚ್ಚುವಾಗಲೂ ಮೂತಿ ಪೂರ್ತಿ ಕಳಚುವ ತನಕ ಶಾಕ್‌ನ ಗಾಳಿ ಸೋರುತ್ತಲೇ ಇರುತ್ತದೆ. ಪರದೆಯಲ್ಲಿ ಕಂಡ ಅಂಕಿಗೂ ಒಳಗೆ ಉಳಿದ ಗಾಳಿಗೂ ಸಂಬಂಧವಿರುವುದಿಲ್ಲ.

ನಿಜವಾದ ಪೈಪೋಟಿ ಇರುವುದು ಉಳಿದೆರಡರ ನಡುವೆ. ಒಂದು, ಮೌಂಟನ್ ಬೈಕ್ ಸೈಕಲ್‌ಗಳ ಶಾಕ್ ಪಂಪ್. 300 ಪಿಎಸ್‌ಐ ತನಕ ಹೋಗುತ್ತದೆ, ಬೆಂಗಳೂರಿನ ದೊಡ್ಡ ಸೈಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಇನ್ನೊಂದು, ಮೋಟಾರ್‌ಸೈಕಲ್‌ನ ಏರ್ ಶಾಕ್‌ಗಾಗಿಯೇ ಮಾಡಿದ, ಗೇಜ್ 60ಕ್ಕೆ ಮುಗಿಯುವ ಕೈ ಪಂಪ್. ಇದನ್ನು ಹೊರದೇಶದಿಂದ ತರಿಸಬೇಕಾಯಿತು.

ಎರಡರ ಕೊಳವೆಯೂ ಸಪೂರ, ಒಂದು ಒತ್ತಿಗೆ ಹೋಗುವ ಗಾಳಿ ಕಡಿಮೆ. ಎರಡರಲ್ಲೂ ಗೇಜಿನ ಪಕ್ಕದಲ್ಲಿ ಗಾಳಿ ಬಿಡುವ ಗುಂಡಿ ಇದೆ, ಬೆರಳಿನಿಂದ ಮೆಲ್ಲಗೆ ಒತ್ತಿದರೆ ಮುಳ್ಳು ಹಿಡಿತದಲ್ಲೇ ಇಳಿಯುತ್ತದೆ. ವ್ಯತ್ಯಾಸ ಕಾಣುವುದು ಗೇಜಿನಲ್ಲಿ. ಮುಳ್ಳಿನ ಗೇಜುಗಳ ತಪ್ಪನ್ನು ಪೂರ್ಣ ಅಳತೆಯ ಶೇಕಡಾವಾರಿನಲ್ಲಿ ಹೇಳುತ್ತಾರೆ. ಶೇ 3ರಷ್ಟು ತಪ್ಪು ಎಂದಿಟ್ಟುಕೊಂಡರೂ 300ರ ಗೇಜಿನಲ್ಲಿ ಅದು 9 ಪಿಎಸ್‌ಐ, 60ರ ಗೇಜಿನಲ್ಲಿ 2ಕ್ಕಿಂತ ಕಡಿಮೆ. ನನಗೆ ಬೇಕಾದದ್ದೇ 5 ಎಂದಾಗ 9ರ ತಪ್ಪಿಗೆ ಅರ್ಥವೇ ಇಲ್ಲ! ಸೈಕಲ್ ಪಂಪ್‌ನಲ್ಲಿ 5 ಪಿಎಸ್‌ಐಗೆ ಮುಳ್ಳು ಸೊನ್ನೆಯ ಗೆರೆಯಿಂದ ಎದ್ದಿದೆಯೋ ಇಲ್ಲವೋ ಎಂದು ಕಣ್ಣು ಕಿರಿದಾಗಿಸಿ ನೋಡಬೇಕು. 60ರ ಗೇಜಿನಲ್ಲಿ ಒಂದೊಂದು ಪಿಎಸ್‌ಐಯೂ ಬಿಡಿಬಿಡಿಯಾಗಿ ಕಾಣುತ್ತದೆ.

ಮೂತಿಯ ವಿಷಯದಲ್ಲೂ ನನ್ನ ಮತ ಎರಡನೆಯದಕ್ಕೇ. ಅದರದು ಎರಡು ಹಂತದ ಕೆಲಸ. ಮೊದಲು ಹೊರಗಿನ ಉಂಗುರವನ್ನು ವಾಲ್ವ್‌ನ ಮರೆಯ (ಥ್ರೆಡ್) ಮೇಲೆ ತಿರುಗಿಸಿದರೆ ಒಳಗಿನ ರಬ್ಬರ್ ವಾಷರ್ ಗಟ್ಟಿಯಾಗಿ ಕೂರುತ್ತದೆ, ಗಾಳಿ ಇನ್ನೂ ತೆರೆದುಕೊಂಡಿರುವುದಿಲ್ಲ. ಆಮೇಲೆ ಹಿಂಬದಿಯ ಚಿಕ್ಕ ತಿರುಪನ್ನು ಒಳಗೆ ತಿರುಗಿಸಿದಾಗ ಅದರ ಕಡ್ಡಿ ವಾಲ್ವ್‌ನ ಪಿನ್ ಒತ್ತಿ ಗಾಳಿಯ ದಾರಿ ತೆರೆಯುತ್ತದೆ, ಮುಳ್ಳು ಏಳುತ್ತದೆ. ಬಿಚ್ಚುವಾಗ ಇದರ ತಿರುಗುಮುರುಗು: ಮೊದಲು ತಿರುಪು ಹಿಂದೆ, ವಾಲ್ವ್ ಮುಚ್ಚಿತು, ಆಮೇಲೆ ಉಂಗುರ. ಆಗ ಕೇಳುವ ಸದ್ದು ಹೋಸ್‌ನಲ್ಲಿ ಉಳಿದ ಗಾಳಿಯದು, ಶಾಕ್‌ನದಲ್ಲ. ನನ್ನ ಸೈಕಲ್ ಪಂಪ್‌ನಲ್ಲಿ ಈ ಎರಡನೆಯ ಹಂತವಿಲ್ಲ, ಬೇಗ ಬೇಗ ತಿರುಗಿಸಿ ಬಿಚ್ಚಬೇಕು.

ಯಾವ ಪಂಪ್ ಆದರೂ ಒಂದು ಮಾತು ನೆನಪಿರಲಿ. ಬಿಚ್ಚಿದ ಮೇಲೆ ಅನುಮಾನದಿಂದ ಮತ್ತೆ ಜೋಡಿಸಿ ನೋಡಿದರೆ ಒತ್ತಡ ಕಡಿಮೆಯೇ ಕಾಣುತ್ತದೆ. ಖಾಲಿ ಹೋಸ್ ತುಂಬಲು ಶಾಕ್‌ನ ಗಾಳಿಯೇ ಖರ್ಚಾಗಿರುತ್ತದೆ, ಸೋರಿಕೆಯೇನಲ್ಲ. ಹಾಗಾಗಿ ಜೋಡಿಸಿದ ಸ್ಥಿತಿಯಲ್ಲೇ ಬೇಕಾದ ಅಂಕಿಗೆ ತಂದು ಬಿಚ್ಚಿ, ಅಲ್ಲಿಗೆ ಬಿಟ್ಟುಬಿಡಬೇಕು. ಬೈಕ್ ತಣ್ಣಗಿರಬೇಕು, ಮೇಲೆ ಯಾರೂ ಕೂತಿರಬಾರದು. ಗಾಳಿ ಬಿಡುವಾಗ ಶಾಕ್‌ನ ಎಣ್ಣೆ ತುಂತುರಾಗಿ ಬರಬಹುದು. ಬಟ್ಟೆ ಹಿಡಿದುಕೊಳ್ಳಿ, ಹಿಂದಿನ ಡಿಸ್ಕ್‌ಗೂ ಟೈರ್‌ಗೂ ತಾಗಿದ್ದರೆ ಆಗಲೇ ಒರೆಸಿ.

ಬೆಂಗಳೂರಿನಲ್ಲಿ ಇಟ್ಟ 25 ಮಂಗಳೂರಿನಲ್ಲಿ ಎಷ್ಟಾಗುತ್ತದೆ ಎಂದು ಗೆಳೆಯರು ಕೇಳುತ್ತಾರೆ. ಸುಮಾರು 900 ಮೀಟರ್ ಇಳಿದಾಗ ಹೊರಗಿನ ಗಾಳಿಯ ಒತ್ತಡ ಒಂದೂವರೆ ಪಿಎಸ್‌ಐಯಷ್ಟು ಏರುತ್ತದೆ, ಗೇಜ್ ಅಳೆಯುವುದು ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸವನ್ನು, ಹಾಗಾಗಿ ಅದು ಅಷ್ಟು ಕಡಿಮೆ ತೋರಿಸಬೇಕು. ಅದೇ ಹೊತ್ತಿಗೆ ಕರಾವಳಿಯ ಸೆಖೆ 10 ಡಿಗ್ರಿ ಹೆಚ್ಚಿದ್ದರೆ ಒಳಗಿನ ಒತ್ತಡ ಒಂದು ಪಿಎಸ್‌ಐಗಿಂತ ತುಸು ಹೆಚ್ಚೇ ಏರುತ್ತದೆ. ಒಂದಕ್ಕೊಂದು ಹೆಚ್ಚುಕಡಿಮೆ ಸರಿಹೋಗುತ್ತದೆ, ದಾರಿಯಲ್ಲಿ ಪಂಪ್ ತೆಗೆಯುವ ಅಗತ್ಯವಿಲ್ಲ.

ಸೈಕಲ್ ಪಂಪ್ ಕೊಂಡವರು ಅದನ್ನು ಎಸೆಯಬೇಕಿಲ್ಲ. ಕೆಟಿಎಂನ ಮೋಟೊಕ್ರಾಸ್ ಬೈಕುಗಳಲ್ಲಿರುವ ಡಬ್ಲ್ಯೂಪಿ ಕಂಪನಿಯ ಏರ್ ಫೋರ್ಕ್‌ಗೆ (ಮುಂದಿನ ಚಕ್ರದ, ಗಾಳಿ ತುಂಬುವ ಸಸ್ಪೆನ್ಷನ್) ಬೇಕಾದದ್ದು ಸುಮಾರು 10 ಬಾರ್, ಅಂದರೆ 145 ಪಿಎಸ್‌ಐ. ಅಲ್ಲಿ 300ರ ಗೇಜ್ ತನ್ನ ನಡುಭಾಗದಲ್ಲಿ ಚೆನ್ನಾಗಿ ಓದುತ್ತದೆ, ನನ್ನ 60ರ ಪಂಪ್ ಕೈಚೆಲ್ಲುತ್ತದೆ. ಹಾರ್ಲೆಗೆ ಸೈಕಲ್ ಪಂಪನ್ನೇ ಬಳಸಲೇಬೇಕೆಂದರೆ ಡಿಜಿಟಲ್ ಗೇಜ್ ಇರುವುದನ್ನು ಆರಿಸಿಕೊಳ್ಳಿ, ಸಣ್ಣ ಅಂಕಿಗಳನ್ನು ಓದುವುದಾದರೂ ಸಲೀಸಾಗುತ್ತದೆ.

ಪಂಪ್‌ಗೆ ದುಡ್ಡು ಕೊಡುವ ಮೊದಲು ಎಡಗಡೆಯ ಪೆಟ್ಟಿಗೆ ತೆರೆದು, ಒಳಗಿನ ಎರಡು ಹಿಡಿಕೆಗಳನ್ನು ಕಾಲು ಸುತ್ತು ತಿರುಗಿಸಿ ಪೆಟ್ಟಿಗೆಯನ್ನು ಕಳಚಿ ವಾಲ್ವ್‌ನ ಸುತ್ತ ಎಷ್ಟು ಜಾಗವಿದೆ ನೋಡಿ. ಗಟ್ಟಿ ಲೋಹದ ಉದ್ದ ಮೂತಿಯ ಪಂಪ್‌ಗಳು ಅಲ್ಲಿ ಮಡ್‌ಗಾರ್ಡ್‌ಗೆ ತಾಗಿ ಓರೆಯಾಗಿ ಕೂರುತ್ತವೆ, ಮರೆ ಹಾಳಾಗುತ್ತದೆ. ಬಾಗುವ ಹೋಸ್, ಗಿಡ್ಡ ಮೂತಿ ಇರುವುದನ್ನೇ ಕೇಳಿ ಪಡೆಯಿರಿ.